ನಮ್ಮ ಓಣಿಯ ತುದಿಯಲ್ಲಿರುವ ಸವದತ್ತಿ

ಪ್ಲಾಸ್ಟಿಕ್ ಕುರ್ಚಿಗೆ ಬಿದ್ದದ್ದು ನಾನೂರ ಎಂಬತ್ತು ರೂಪಾಯಿ. ಬೈಲಹೊಂಗಲದ ಪೇಟೆಯಲ್ಲಿ ಅಂಗಡಿಯವರು ಆರುನೂರರಿಂದ ಶುರು ಮಾಡಿದ್ದರು. ಬಿಸಿಲಿಗೆ ಬಣ್ಣ ಮಾಸಿದ ಕುರ್ಚಿಗೆ ಹೊಸ ಕುರ್ಚಿಯ ದರ ಹೇಳಿದರೆ ಯಾರು ಕೊಡುತ್ತಾರೆ? ನಾನು ಎರಡು ಸಲ ಮೆಟ್ಟಿಲಿಳಿದು ಹೊರಟೆ, ಎರಡು ಸಲವೂ ಅವರೇ ಕರೆದರು. ಹಾಗೆಂದು ಅದನ್ನು ಕೊಂಡದ್ದು ಮನೆಯಲ್ಲಿ ಹಾಕಿಕೊಂಡು ಕೂರುವುದಕ್ಕಲ್ಲ. ಕೊಂಡದ್ದು ಬಸ್ ನಿಲ್ದಾಣವೆಂದು.

ಹೌದು, ನೀವು ಸರಿಯಾಗಿಯೇ ಓದಿದ್ದೀರಿ. ನಮ್ಮ ಮಾವನವರು, ಅಂದರೆ ನನ್ನ ಗಂಡನ ತಂದೆ, ಪ್ರತಿ ಆದಿತ್ಯವಾರ ಮಧ್ಯಾಹ್ನ ನಮ್ಮತ್ತೆಯನ್ನು ಬೈಲಹೊಂಗಲದಿಂದ ಸವದತ್ತಿಗೆ ಕರೆದೊಯ್ಯುತ್ತಾರೆ. ಬಸ್ಸಿಲ್ಲ, ಜೀಪಿಲ್ಲ, ನಮ್ಮ ಓಣಿ ದಾಟುವುದೂ ಇಲ್ಲ. ಅಷ್ಟು ದೊಡ್ಡ ಊರನ್ನು ಎತ್ತಿ ತಂದು ಓಣಿಯ ತುದಿಯಲ್ಲಿಟ್ಟವರು ಈ ಸೀಮೆಯಲ್ಲಿ ಇವರೊಬ್ಬರೇ ಇರಬೇಕು.

ಮಾವನವರು ಬಸ್ ಡ್ರೈವರ್ ಆಗಿದ್ದು ನಿವೃತ್ತರಾದವರು. ಯರಗಟ್ಟಿ, ಮುನವಳ್ಳಿ, ಸವದತ್ತಿ, ರಾಮದುರ್ಗ, ಈ ಕಡೆಯ ರಸ್ತೆಗಳ ತಗ್ಗುಗಳೆಲ್ಲ ಅವರಿಗೆ ಬೀಗರಷ್ಟು ಪರಿಚಯ. ಅವರು ಕೆಲಸ ಬಿಟ್ಟರೂ ಕೆಲಸ ಅವರನ್ನು ಬಿಡಲಿಲ್ಲ. ಮಗನ ಸ್ಕೂಟರಿನ ಹಿಂದೆ ಕುಳಿತರೆ ಅವರ ಬಲಗಾಲು ಗಾಳಿಯಲ್ಲಿ ಬ್ರೇಕು ಒತ್ತುತ್ತಿರುತ್ತದೆ. ಅಡುಗೆಮನೆಯ ಬಾಗಿಲಿಗೆ ಬಂದಾಗ ಕೆಮ್ಮುತ್ತಾರೆ; ಅದು ಕೆಮ್ಮಲ್ಲ, ಹಾರ್ನು. ಮದುವೆಮನೆಯಲ್ಲಿ ಊಟದ ಪಂಕ್ತಿ ತಡವಾದರೆ ಕೈಗಡಿಯಾರ ನೋಡಿ, "ಏನ ಡಿಪೋನೋ ಏನೋ ಇದು" ಎಂದು ಗೊಣಗುತ್ತಾರೆ. ಒಮ್ಮೆ ನನ್ನ ತವರಿನವರು ಹೊರಡುತ್ತೇವೆಂದು ಎದ್ದು, ಬಾಗಿಲಲ್ಲಿ ನಿಂತು ಮತ್ತೆ ಅರ್ಧ ಗಂಟೆ ಮಾತಿಗೆ ಹತ್ತಿದಾಗ, ಇವರು ಹಿಂದಿನಿಂದ ಕದವನ್ನು ಪಟಪಟ ತಟ್ಟಿ "ರೈಟ್" ಅಂದುಬಿಟ್ಟರು. ನನ್ನ ಅವ್ವ ಆ ಮಾತನ್ನು ಇನ್ನೂ ಮರೆತಿಲ್ಲ.

ಇಂಥವರ ಕೈಗೆ ಬಿಡುವಾದ ಒಂದು ಆದಿತ್ಯವಾರದ ಮಧ್ಯಾಹ್ನ ಸಿಕ್ಕರೆ ಏನು ಮಾಡುತ್ತಾರೆ ಹೇಳಿ? ನೌಕರಿಯಲ್ಲಿದ್ದಾಗ ಆದಿತ್ಯವಾರವೆಂದರೆ ಸವದತ್ತಿ ಗುಡ್ಡಕ್ಕೆ ಹೋಗುವವರ ಗದ್ದಲ. ಆ ಹೊತ್ತಿನಲ್ಲಿ ಮನೆ ಹೇಗಿರುತ್ತದೆಂಬುದನ್ನೇ ಅವರು ಕಂಡಿರಲಿಲ್ಲ. ಮಲಗಿ ನೋಡಿದರು, ನಿದ್ದೆ ಬರಲಿಲ್ಲ. ನೆರೆಯವರ ಇಸ್ಪೀಟಿಗೆ ಕುಳಿತರು; ಗೆಲ್ಲುವ ಎಲೆ ಕೈಯಲ್ಲಿರುವಾಗಲೇ "ಟೈಮಾತು" ಎಂದು ಎದ್ದು ಬಂದರು.

ಅದೇ ದಿನಗಳಲ್ಲಿ ಅತ್ತೆಯ ಮೊಣಕಾಲಿನ ಆಪರೇಷನ್ ಆಯಿತು. ಡಾಕ್ಟರು ಮನೆಗೆ ಕಳಿಸುವಾಗ ಒಂದೇ ಮಾತು ಹೇಳಿದ್ದರು. "ಕಾಲು ಚಲೋ ಆಗೇತಿ. ಇನ್ನ ದಿನಾ ನಡೀಬೇಕು. ಕುಂತ್ರ ಮೊಣಕಾಲ ಬಿಗೀತೈತಿ. ಆಮ್ಯಾಲ ನನ್ನ ಕೈಯಾಗ ಏನೂ ಇಲ್ಲ." ಆದರೆ ಅತ್ತೆ ಮನೆಗೆ ಬಂದ ವಾರದಲ್ಲೇ ಬಚ್ಚಲ ಬಾಗಿಲಲ್ಲಿ ಜಾರಿದರು. ಪೆಟ್ಟಾಗಲಿಲ್ಲ, ಧೈರ್ಯ ಹೋಯಿತು. ಅಂದಿನಿಂದ ಮಂಚ ಬಿಟ್ಟರೆ ಬಚ್ಚಲು, ಬಚ್ಚಲು ಬಿಟ್ಟರೆ ಮಂಚ, ಅದೂ ನನ್ನ ಹೆಗಲು ಹಿಡಿದು. ಆಸ್ಪತ್ರೆಯಿಂದ ತಂದ ವಾಕರ್ ಮೂಲೆಯಲ್ಲಿ ನಿಂತು ಟವೆಲ್ಲು ಒಣಗಿಸುವ ಕೆಲಸಕ್ಕೆ ಸೇರಿತು. ಓಣಿಯ ಬಸುರಿಯರ ಕುಬಸಕ್ಕೆ, ಕೂಸುಗಳ ತೊಟ್ಟಿಲಿಗೆ ಕರೆಯದಿದ್ದರೂ ಹೋಗಿ ಮುಂದೆ ನಿಲ್ಲುತ್ತಿದ್ದ ಹೆಂಗಸು ಗೋಡೆಯ ಕಡೆ ಮುಖ ಮಾಡಿ ಕುಳಿತುಬಿಟ್ಟರು. ಕಾಲು ಬಿಗಿಯುವುದಕ್ಕೆ ಮೊದಲು ಅವರನ್ನು ಹೇಗೆ ಎಬ್ಬಿಸುವುದು ಎಂಬುದೇ ಮನೆಮಂದಿಯ ಚಿಂತೆಯಾಯಿತು.

ಮೊದಲು ಪ್ರಯತ್ನಪಟ್ಟವಳು ನಾನು. ನನ್ನದು ಕಡಕ್ ರೊಟ್ಟಿಯ ವ್ಯಾಪಾರ. ಅಡುಗೆಮನೆಯ ಒಂದೇ ಒಲೆಯಿಂದ ಶುರು ಮಾಡಿ ಈಗ ಓಣಿಯ ನಾಲ್ಕು ಹೆಂಗಸರಿಗೆ ಕೆಲಸ ಕೊಟ್ಟಿದ್ದೇನೆ. ಯರಗಟ್ಟಿ ಪೇಟೆಯಲ್ಲಿ ನಾನು ಜೋಳದ ಚೀಲಕ್ಕೆ ಕೈ ಹಾಕಿದರೆ ವ್ಯಾಪಾರಿಗಳು ಮೊದಲೇ ಚಹಾ ತರಿಸಿಬಿಡುತ್ತಾರೆ, ಚೌಕಾಸಿ ಬೇಗ ಮುಗಿಯಲಿ ಎಂದು. ಆ ಸೊಕ್ಕಿನ ಮೇಲೆ ಅತ್ತೆಯೊಡನೆ ವ್ಯಾಪಾರಕ್ಕೆ ಕುಳಿತೆ.

"ಅತ್ತಿ, ಹೊಸ್ತಿಲಾ ದಾಟಿದ್ರ ಒಂದ ಇಳಕಲ್ ಸೀರಿ."

"ಬಣ್ಣ?"

"ನೀವು ಹೇಳಿದ್ದ."

"ಮದಲ ತೊಗೊಂಡ ಬಾ. ಸೀರಿ ಕಣ್ಣೀಲೆ ನೋಡಿದ್ರ ಕಾಲಿಗೆ ಹುರುಪ ಬರತೈತಿ."

ಸೀರೆ ತಂದೆ. ಅತ್ತೆ ಅದನ್ನು ತೊಡೆಯ ಮೇಲಿಟ್ಟು ಸವರಿದರು, ಸೆರಗು ಬಿಚ್ಚಿ ನೋಡಿದರು, "ಛಲೋ ಐತಿ. ಇಂಥಾದ್ದ ಉಟಗೊಂಡ ಹೊಸ್ತಿಲದಾಗ ಬಿದ್ರ ಸೀರಿ ಗತಿ ಏನು?" ಎಂದು ಮಡಚಿ ತಮ್ಮ ಟ್ರಂಕಿಗೆ ಸೇರಿಸಿದರು. ಮುಂಗಡ ಕೊಟ್ಟು ಮಾಲು ಬಾರದ ವ್ಯಾಪಾರ ನನ್ನ ಜೀವನದಲ್ಲಿ ಅದೊಂದೇ.

ಆಮೇಲೆ ಮಾವನವರು ಇಳಿದರು. ಒಂದು ಆದಿತ್ಯವಾರ ಊಟವಾದ ಮೇಲೆ ನೋಡುತ್ತೇನೆ, ಹಳೆಯ ಖಾಕಿ ಅಂಗಿ ಹಾಕಿಕೊಂಡು ಅಂಗಳದಲ್ಲಿ ನಿಂತಿದ್ದಾರೆ. ನನ್ನನ್ನು ಕರೆದು ದನಿ ತಗ್ಗಿಸಿ, "ಯವ್ವಾ, ನೀ ಕಂಡಕ್ಟರ್. ಒಂದ ಡಬ್ಬಿ ಗಿರಮಿಟ್ ಮಾಡಕೋ. ಗಾಡಿ ನಾಕಕ್ಕ ಬಿಡತೈತಿ" ಎಂದರು. ಮಾರ್ಗವನ್ನೂ ಅವರೇ ವಿವರಿಸಿದರು. ನಮ್ಮ ಮನೆಯ ಹೊಸ್ತಿಲು ಬೈಲಹೊಂಗಲ ಬಸ್ ನಿಲ್ದಾಣ. ಅಂಗಳದ ಬೇವಿನ ಗಿಡ ಯರಗಟ್ಟಿ. ಓಣಿಯ ನಡುವೆ ಇರುವ ದರ್ಜಿ ಚಾಚಾ ಅವರ ಕಟ್ಟೆ ಮುನವಳ್ಳಿ. ಓಣಿ ಮುಗಿಯುವಲ್ಲಿ, ಕಿರಾಣಿ ಅಂಗಡಿಯ ಮುಂದಿನ ಕಲ್ಲುಬೆಂಚು ಸವದತ್ತಿ.

ನನಗೆ ನಾಚಿಕೆ ಕಡಿಮೆ. ವ್ಯಾಪಾರದವರು ಇಟ್ಟುಕೊಳ್ಳುವ ಸಾಮಾನಲ್ಲ ಅದು. ಗಂಟಲು ಬಿಚ್ಚಿ ಕೂಗಿದೆ: "ಯರಗಟ್ಟಿ, ಮುನವಳ್ಳಿ, ಸವದತ್ತಿ! ಯಾರ್ರಿ ಸವದತ್ತಿ?"

ಒಳಗಿನಿಂದ ಅತ್ತೆಯ ದನಿ ಬಂತು. "ಇಬ್ಬರಿಗೂ ಬಿಸಲ ಬಡದೈತಿ."

ಮಾವನವರು ಬಾಗಿಲಲ್ಲಿ ತಲೆ ಹಾಕಿದರು. "ಬರ್ರಿ ಅಕ್ಕಾರ, ಸೀಟ ಖಾಲಿ ಅದಾವು."

"ನಾ ನಿಮಗ ಅಕ್ಕ ಆಗಬೇಕೇನ್ರಿ? ಇಷ್ಟ ವರ್ಷ ಸಂಸಾರ ಮಾಡಿ?"

"ಡ್ಯೂಟಿ ಮ್ಯಾಲ ಎಲ್ಲಾರೂ ಅಕ್ಕಾರ. ಬರೂದಿದ್ರ ಬರ್ರಿ. ಇಲ್ಲಂದ್ರ ಹಿಂದಿನ ಗಾಡಿಗೆ ಬರ್ರಿ."

ನಾಲ್ಕು ಹೊಡೆಯಿತು. ಮಾವನವರು ಹೊರಟೇಬಿಟ್ಟರು. ಹೆಂಡತಿಗೆಂದೇ ಬಿಟ್ಟ ಬಸ್ಸು ಹೆಂಡತಿಯನ್ನೇ ಬಿಟ್ಟು ಹೋಯಿತು. ನಾನು ಹಿಂದೆ ಓಡಿ, "ಒಂದೀಟ ತಡೀರಿ ಮಾವಾರ" ಎಂದರೆ, "ಒಬ್ಬರಿಗೆ ನಿಂತ್ರ ದಿನಾ ನಿಲ್ಲಬೇಕಾಗತೈತಿ ಯವ್ವಾ" ಎಂದರು. ಯರಗಟ್ಟಿಯಲ್ಲಿ, ಅಂದರೆ ಬೇವಿನ ಗಿಡದ ಕೆಳಗೆ ಕುಳಿತು, ಕಿಟಕಿಗೆ ಕೇಳುವಂತೆ ಮಿರ್ಚಿ ಕಡಿಯುತ್ತ ಡಬ್ಬಿ ಖಾಲಿ ಮಾಡಿದರು. ಒಗ್ಗರಣೆ ಕಲಸಿದ ಈ ಚುರುಮುರಿ ಗಿರಮಿಟ್ ಎಂದರೆ ಅತ್ತೆಗೆ ಪ್ರಾಣ ಎಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ. ಮುಂದಿನ ಆದಿತ್ಯವಾರವೂ ಹಾಗೆಯೇ ಆಯಿತು. ಅದರ ಮುಂದಿನ ವಾರ ನಾಲ್ಕಕ್ಕೆ ಸ್ವಲ್ಪ ಮುಂಚೆ ಒಳಗಿನಿಂದ ಟಕ್, ಟಕ್ ಎಂದು ಸದ್ದು. ಟವೆಲ್ಲುಗಳನ್ನೆಲ್ಲ ನೆಲಕ್ಕೆ ಕೆಡವಿ, ವಾಕರ್ ಹಿಡಿದು ಅತ್ತೆ ಹೊಸ್ತಿಲಿಗೆ ಬಂದಿದ್ದರು.

"ಯರಗಟ್ಟಿತನಕ ಅಷ್ಟ," ಎಂದರು ಬಿಗುಮಾನದಿಂದ. "ಚುನಮರಿ ಮೆತ್ತಗ ಆಗಿರಬಾರದು ಮತ್ತ."

ಯರಗಟ್ಟಿಯಿಂದ ಮುನವಳ್ಳಿಗೆ ದಾರಿ ಉದ್ದ. ಮೊದಲ ಸಲ ಅತ್ತೆ ನಡುವೆಯೇ ನಿಂತುಬಿಟ್ಟರು.

"ಹಿಡೀರಿ ಗಾಡಿ. ಕಾಲ ನೋಯಾಕತ್ತೈತಿ."

"ಇಲ್ಲಿ ಸ್ಟಾಪ್ ಇಲ್ರಿ ಅಕ್ಕಾರ."

"ಹಂಗಾರ ನಡು ರಸ್ತಾದಾಗ ಕುಂದರತೇನಿ. ಮ್ಯಾಲ ಹಾಯಿಸಿಕೊಂಡ ಹೋಗ್ರಿ."

ಡ್ರೈವರಿಗೂ ಪ್ರಯಾಣಿಕರಿಗೂ ಜಗಳವಾದರೆ ಬಗೆಹರಿಸುವುದು ಕಂಡಕ್ಟರನ ಕೆಲಸವಲ್ಲವೇ? ಆಗಲೇ ನಾನು ಪೇಟೆಗೆ ಹೋಗಿ ಕುರ್ಚಿ ತಂದದ್ದು. ಅಂದಿನಿಂದ ಅವರಿಬ್ಬರು ಮುಂದೆ, ಕುರ್ಚಿ ಹೊತ್ತ ನಾನು ಹಿಂದೆ. ಅತ್ತೆ ಕೈಯೆತ್ತಿದಲ್ಲಿ ಕೋರಿಕೆ ನಿಲುಗಡೆ. ಹೀಗೆ ಕೆಲವು ವಾರಗಳಲ್ಲಿ ಮುನವಳ್ಳಿ ಮುಟ್ಟಿದೆವು. ಅಲ್ಲಿ ದರ್ಜಿ ಚಾಚಾ ಹೊಲಿಗೆ ಮಷಿನ್ ನಿಲ್ಲಿಸಿ ಎದ್ದು ನಿಂತು, "ಚಹಾಕ್ಕ ಹತ್ತ ಮಿನಿಟ್ ಗಾಡಿ ನಿಲ್ಲತೈತಿ ಭಾಬಿ, ಇಳೀರಿ. ನಮ್ಮ ಕ್ಯಾಂಟೀನಿನ್ಯಾಗ ಡ್ರೈವರಿಗೆ ಪುಕ್ಕಟ, ಪ್ಯಾಸೆಂಜರಿಗೆ ಪುಕ್ಕಟ. ಕಂಡಕ್ಟರ್ ಅಷ್ಟ ರೊಕ್ಕಾ ಕೊಡಬೇಕು, ಜೋಳದಾಗ ಭಾಳ ಉಳಿಸ್ಯಾರ" ಎಂದರು.

ಆದರೆ ಅತ್ತೆಯ ಪ್ರಯಾಣ ಅಲ್ಲಿಗೇ ನಿಂತಿತು. ಚಾಚಾ ಅವರ ಕಟ್ಟೆ ದಾಟಿದರೆ ಓಣಿ ಇಳಿಜಾರು, ಅದರ ಮೇಲೆ ಸಣ್ಣ ಜಲ್ಲಿ. ಅತ್ತೆ ಪ್ರತಿ ವಾರ ಅದನ್ನು ದಿಟ್ಟಿಸಿ ನೋಡುವರು, ವಾಕರಿನ ಮೇಲಿದ್ದ ಬೆರಳು ಬಿಳಿಚುವವು. "ಘಾಟ ಐತಿ ಖರೆ, ನಾ ಮುಂದ ಅದೀನಲ್ಲಾ" ಎಂದು ಮಾವನವರು ಅತ್ತೆಯ ಕಡೆ ಮುಖ ಮಾಡಿ ಹಿಮ್ಮುಖವಾಗಿ ನಡೆಯುತ್ತ ಎರಡೂ ಕೈ ಚಾಚುವರು. "ಮುಂದಿನ ವಾರ ನೋಡೂಣು" ಎಂದು ಅತ್ತೆ ತಿರುಗಿಬಿಡುವರು. ಡಾಕ್ಟರು ಕಾಲನ್ನು ಮಡಚಿ ನೋಡಿ, ಹತ್ತುವುದು ಇಳಿಯುವುದು ಆಗದಿದ್ದರೆ ಕಾಲು ಇಷ್ಟಕ್ಕೇ ನಿಲ್ಲುತ್ತದೆ ಎಂದರು. ಮಾವನವರು ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ.

ಹೀಗಿರುವಾಗ ಒಂದು ಆದಿತ್ಯವಾರ ನಾನು ಎಂದಿನಂತೆ ಬಾಗಿಲಲ್ಲಿ ಕೂಗುತ್ತಿದ್ದೆ. ತಲೆಗೆ ದೊಡ್ಡ ಪಟಗಾ ಸುತ್ತಿದ ಹಿರಿಯರೊಬ್ಬರು ಕೈಯಲ್ಲಿ ಚೀಲ ಹಿಡಿದು ಬಂದು ಅತ್ತೆಯ ಹಿಂದೆ ಸಾಲು ಹಚ್ಚಿದರು. ಅತ್ತೆಯ ಗುರುತಿನವರಿರಬೇಕು ಎಂದು ನಾನು ಸುಮ್ಮನಿದ್ದೆ, ನನ್ನ ಗುರುತಿನವರೆಂದು ಅತ್ತೆ ಸುಮ್ಮನಿದ್ದರು. ಅವರು ನಮ್ಮ ಹೆಜ್ಜೆಗೆ ಹೆಜ್ಜೆ ಹಾಕಿ ಮುನವಳ್ಳಿಯವರೆಗೆ ಬಂದರು. ಚಾಚಾ ಕೊಟ್ಟ ಚಹಾ ಕುಡಿದು ಮೀಸೆ ಒರೆಸಿಕೊಂಡು ಕೇಳಿದರು.

"ಗಾಡಿ ಎಲ್ಲಿ ಹಚ್ಚೀರಿ?"

"ಯಾವ ಗಾಡಿ?" ಎಂದೆ.

"ಸವದತ್ತಿ ಗಾಡಿ. ನೀವ ಒದರಿದ್ರೆಲ್ಲಾ. ಸಾಹೇಬ್ರು ಖಾಕಿ ಹಾಕ್ಯಾರ, ಅದಕ್ಕ ಬೆನ್ನ ಹತ್ತಿ ಬಂದೆ."

ಚಾಚಾ ನಕ್ಕ ರಭಸಕ್ಕೆ ಅವರ ಬಾಯಲ್ಲಿದ್ದ ದಾರ ಕೆಳಗೆ ಬಿತ್ತು. ಮಾವನವರು ನಗಲಿಲ್ಲ. ತಮ್ಮ ಕೈಯಿಂದ ಪ್ರಯಾಣಿಕರೊಬ್ಬರಿಗೆ ಬಸ್ಸು ತಪ್ಪುವುದೆಂದರೇನು! "ಐದರ ಗಾಡಿ ಇನ್ನಾ ಸಿಗತೈತಿ, ಹತ್ರಿ" ಎಂದು ಚಾಚಾ ಅವರ ಸ್ಕೂಟರ್ ಕಿತ್ತುಕೊಂಡು, ಹಿರಿಯರನ್ನು ಹಿಂದೆ ಕೂರಿಸಿಕೊಂಡು, ನಿಜವಾದ ನಿಲ್ದಾಣದ ಕಡೆ ಹೊರಟರು. ಹೋಗುವಾಗ ಅತ್ತೆಗೆ, "ಗಾಡಿ ಕೆಟ್ಟೈತಿ, ಇಲ್ಲೇ ಕುಂತಿರ್ರಿ" ಎಂದರು.

ಅತ್ತೆ ಸ್ವಲ್ಪ ಹೊತ್ತು ಕುಳಿತರು. ಆಮೇಲೆ ಎದ್ದರು.

"ಎಲ್ಲಿಗ್ರಿ ಅತ್ತಿ?"

"ಸವದತ್ತಿಗೆ."

"ಮಾವಾರು ಬರ್ಲಿ ತಡೀರಿ."

"ಅವರಿದ್ರ ಅವರ ಮಾರಿ ನೋಡಕೋತ ನಡೀಬೇಕಾಗತೈತಿ. ನನ್ನ ಕಾಲಿಗಿಂತ ಅವರ ಕೈ ಹೆಚ್ಚ ನಡಗತಾವು, ಅದನ್ನ ನೋಡೇ ನನಗ ಅಂಜಿಕಿ. ನೀ ಕುರ್ಚಿ ತೊಗೊಂಡ ಬಾ. ಮಾತಾಡಬ್ಯಾಡ."

ನಾನು ಮಾತಾಡಲಿಲ್ಲ. ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ. ಅತ್ತೆ ವಾಕರ್ ಮುಂದಿಟ್ಟು, ಜಲ್ಲಿಯ ಮೇಲೆ ಅದು ಗಟ್ಟಿ ನಿಂತಿತೇ ಎಂದು ಒತ್ತಿ ನೋಡಿ, ಆಮೇಲೆ ಒಂದು ಕಾಲು, ಆಮೇಲೆ ಆಪರೇಷನ್ ಆದ ಕಾಲು. ಒಂದು ಕಡೆ ವಾಕರ್ ಜಾರಿತು. ನಾನು ಕುರ್ಚಿ ಕೆಳಗಿಡಲು ಹೋದೆ. ಅತ್ತೆ ಹಿಂದೆ ನೋಡದೆಯೇ ಬೇಡವೆಂದು ತಲೆಯಾಡಿಸಿದರು. ಕಿರಾಣಿ ಅಂಗಡಿಯವರು ತಕ್ಕಡಿ ಹಿಡಿದ ಕೈಯನ್ನು ಹಾಗೇ ಮೇಲಿಟ್ಟುಕೊಂಡು ನೋಡುತ್ತಿದ್ದರು. ಅತ್ತೆ ಕಲ್ಲುಬೆಂಚಿನ ಮೇಲೆ ಕುಳಿತು, ಸೆರಗಿನಿಂದ ಮುಖ ಒರೆಸಿಕೊಂಡು, "ಒಂದ ತಂಬಿಗಿ ನೀರ ಕೊಡ್ರಿ" ಎಂದರು.

ಮಾವನವರು ಬಂದದ್ದು ಆಮೇಲೆ. ಕಟ್ಟೆಯ ಮೇಲೆ ಅತ್ತೆಯಿಲ್ಲದ್ದನ್ನು ಕಂಡು ಗಾಬರಿಯಾಗಿ ನಿಂತರಂತೆ. ಚಾಚಾ ಕತ್ತರಿಯಿಂದ ಕೆಳಗೆ ತೋರಿಸಿದರಂತೆ. ಸ್ಕೂಟರ್ ಅಲ್ಲೇ ಬಿಟ್ಟು ಇಳಿಜಾರಿನಲ್ಲಿ ಓಡುತ್ತ ಬಂದರು. ಅತ್ತೆಯನ್ನು ನೋಡಿದರು, ತಿರುಗಿ ದಾರಿಯನ್ನು ನೋಡಿದರು.

"ಹೆಂಗ ಬಂದಿ?"

"ನಡದ ಬಂದೆ."

ಮಾವನವರು ಅತ್ತೆಯ ಪಕ್ಕದಲ್ಲಿ ಕುಳಿತರು. ಬಿಸಿಲು ಇಳಿಯಿತು. ರೊಟ್ಟಿ ಒಯ್ಯುವವರು ಬರುವ ಹೊತ್ತಾಯಿತೆಂದು ನನಗೆ ಅವಸರ.

"ತಿರುಗಿ ಗಾಡಿ ಎಷ್ಟಕ್ಕ ಬಿಡತೈತ್ರಿ ಮಾವಾರ?"

"ಇಲ್ಲ ಯವ್ವಾ. ಇದು ವಸ್ತಿ ಗಾಡಿ."

ವಸ್ತಿ ಗಾಡಿಯೆಂದರೆ ಸಂಜೆ ಹೋದ ಊರಲ್ಲೇ ರಾತ್ರಿ ತಂಗಿ, ಬೆಳಿಗ್ಗೆ ತಿರುಗಿ ಹೊರಡುವ ಬಸ್ಸು. ನೌಕರಿಯ ಅರ್ಧದಷ್ಟು ರಾತ್ರಿಗಳನ್ನು ಮಾವನವರು ಕಟಕೋಳದಂಥ ಊರುಗಳಲ್ಲಿ, ಬಸ್ಸಿನ ಸೀಟಿನ ಮೇಲೆ ಮಲಗಿ ಕಳೆದವರು. ಇತ್ತ ಮಕ್ಕಳ ಜ್ವರ, ನೆಗಡಿ, ಕತ್ತಲು ಎಲ್ಲ ಅತ್ತೆಯೊಬ್ಬರ ಪಾಲಿಗೆ.

ಅತ್ತೆ ಸ್ವಲ್ಪ ಸರಿದು ಕುಳಿತರು. "ವಸ್ತಿ ಹ್ವಾದಾಗ ಹೊತ್ತ ಹೆಂಗ ಕಳೀತಿದ್ರಿ? ಒಮ್ಮೀನೂ ಹೇಳಲಿಲ್ಲ."

"ಹೇಳೂದೇನೈತಿ. ಗಾಡಿ ಮಾರಿ ಮನಿ ಕಡೆ ಮಾಡಿ ಹಚ್ಚತಿದ್ದೆ. ಮಲಗತಿದ್ದೆ."

ಬೆಳಿಗ್ಗೆ ಹೊರಡುವ ಬಸ್ಸನ್ನು ಎಲ್ಲ ಡ್ರೈವರುಗಳೂ ಹಾಗೇ ತಿರುಗಿಸಿ ನಿಲ್ಲಿಸುತ್ತಾರೆ ಎಂಬುದು ನನಗೆ ಗೊತ್ತು. ಅತ್ತೆಗೂ ಗೊತ್ತಿರಬೇಕು. ಅವರನ್ನು ಅಲ್ಲೇ ಬಿಟ್ಟು ನಾನು ಮನೆಗೆ ಬಂದೆ.

ನೀವೂ ಆದಿತ್ಯವಾರದ ಮಧ್ಯಾಹ್ನ ಎಲ್ಲಾದರೂ ಹೋಗಬೇಕೆಂದಿದ್ದರೆ ನನ್ನ ಮಾತು ಕೇಳಿ. ದೂರ ಹೋಗಬೇಡಿ, ದಣಿವಿಗೇ ದಿನ ಮುಗಿಯುತ್ತದೆ. ಚುರುಮುರಿ ಬೇರೆ, ಒಗ್ಗರಣೆ ಬೇರೆ ಒಯ್ದು ಅಲ್ಲೇ ಕಲಸಿ. ಮುಟ್ಟಿದ ಊರಿನಲ್ಲಿ ಚಹಾ ಪುಕ್ಕಟೆ ಸಿಕ್ಕರೆ ಬೇಡವೆನ್ನಬೇಡಿ. ಹೊರಡುವ ಹೊತ್ತನ್ನು ಬಿಗಿಯಾಗಿ ಹಿಡಿಯಿರಿ, ಯಾರಿಗಾಗಿಯೂ ನಿಲ್ಲಬೇಡಿ. ತಿರುಗಿ ಬರುವ ಹೊತ್ತನ್ನು ಮಾತ್ರ ಅಲ್ಲಿ ಕುಳಿತಿರುವ ಇಬ್ಬರಿಗೆ ಬಿಟ್ಟು, ನೀವು ಮುಂದೆ ಬಂದು ದೀಪ ಹಚ್ಚಿಡಿ.