ಕಣ್ಣಾರೆ ಕಂಡ ಆನೆ

ಹಿಡಿದ ಮಾತನ್ನು ಬಿಡುವುದು ನನ್ನ ಜಾಯಮಾನದಲ್ಲೇ ಇಲ್ಲ. ತಪ್ಪು ನನ್ನದೇ ಎಂದು ಗೊತ್ತಾದ ಮೇಲಂತೂ ಇನ್ನೂ ಗಟ್ಟಿಯಾಗಿ ಹಿಡಿಯುತ್ತೇನೆ. ಕೀನ್ಯಾದ ಕಾಡಾನೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ ಎಂದು ಆಕ್ಲೆಂಡಿನ ಮೌಂಟ್ ರಾಸ್ಕಿಲ್‌ನ ನಮ್ಮ ಮನೆಯಲ್ಲಿ ಒಂದು ತಿಂಗಳು ಜಗಳವಾಡಿದ್ದು ಹೀಗೆಯೇ. ನಂಬುವವರು ಒಬ್ಬರೂ ಇರಲಿಲ್ಲ. ಇರುವವರೇ ಇಬ್ಬರು, ಆ ಮಾತು ಬೇರೆ.

ಎರಡು ವರ್ಷದ ರಜೆ ಕೂಡಿಟ್ಟುಕೊಂಡು ಹೆಂಡತಿ ಸುಧಾ, ಹನ್ನೊಂದು ವರ್ಷದ ಮಗಳು ಅನಘಾ ಇಬ್ಬರನ್ನೂ ಸಫಾರಿಗೆ ಕರೆದೊಯ್ದಿದ್ದೆ. ಕುರಿ ಬಿಟ್ಟರೆ ಹಸು, ಹಸು ಬಿಟ್ಟರೆ ಕುರಿ ಎನ್ನುವ ದೇಶದಲ್ಲಿ ಹುಟ್ಟಿದ ಮಗು, ಪಾಪ, ನಾಲ್ಕು ದೊಡ್ಡ ಪ್ರಾಣಿ ನೋಡಲಿ ಅಂತ. ಮೊದಲ ದಿನ ಸಿಂಹ ಸಿಕ್ಕಿತು. ಮರದಡಿ ಅಂಗಾತ ಬಿದ್ದುಕೊಂಡಿತ್ತು. ಭಾನುವಾರ ಊಟವಾದ ಮೇಲೆ ನಿಮ್ಮಪ್ಪನೂ ಹೀಗೇ ಎಂದು ಸುಧಾ ಮಗಳಿಗೆ ತೋರಿಸಿದಳು. ಎರಡನೆಯ ದಿನ ಬೆಳಿಗ್ಗೆ ಬಂತು ನೋಡಿ, ಗಂಡಾನೆ! ಪೊದೆ ಸೀಳಿಕೊಂಡು ನೇರವಾಗಿ ನಮ್ಮ ತೆರೆದ ಜೀಪಿನ ಪಕ್ಕಕ್ಕೇ ಬಂದು ನಿಂತಿತು. ಯಾರೂ ಅಲುಗಾಡಬೇಡಿ ಎಂದು ಡ್ರೈವರ್ ಸನ್ನೆ ಮಾಡಿದ. ನಾನು ಮೈಸೂರಿನವನು. ಆನೆ ಎದುರಿಗೆ ಬಂದರೆ ನಮ್ಮ ಕಡೆಯವರು ಏನು ಮಾಡುತ್ತಾರೋ ಅದನ್ನೇ ಮಾಡಿದೆ. ಎದ್ದು ನಿಂತು, ಚಪ್ಪಲಿ ಕಳಚಿ, ಕೈ ಮುಗಿದು, ತಲೆ ಬಗ್ಗಿಸಿ, ಕಣ್ಣು ಮುಚ್ಚಿ, ಸೊಂಡಿಲಿನ ಆಶೀರ್ವಾದಕ್ಕೆ ಕಾದೆ. ಕಣ್ಣು ಬಿಟ್ಟಾಗ ದೂರದಲ್ಲೊಂದು ಬಾಲ ಹೋಗುತ್ತಿತ್ತು.

"ಅಪ್ಪಾ, ಯು ಡಿಡಂಟ್ ಈವನ್ ಸೀ ಇಟ್!" ಎಂದಳು ಅನಘಾ.

ನಾನು ಬಿಡುತ್ತೇನೆಯೇ? ಗಂಟೆಗಟ್ಟಲೆ ಕ್ಯೂ ನಿಂತು, ಗರ್ಭಗುಡಿಯ ಎದುರು ಬಂದ ಕೂಡಲೇ ಕಣ್ಣು ಮುಚ್ಚುವ ನಮ್ಮ ಜನ, ಹೊರಗೆ ಬಂದು "ಒಳ್ಳೇ ದರ್ಶನ ಆಯ್ತು" ಅನ್ನುವುದಿಲ್ಲವೇ? ಅವರಿಗೊಂದು ನ್ಯಾಯ, ನನಗೊಂದು ನ್ಯಾಯವೇ? "ಹಾಗಾದ್ರೆ ಯಾವ ಕಡೆ ದಂತ ಮುರಿದಿತ್ತು, ಹೇಳ್ರೀ ನೋಡೋಣ" ಎಂದು ಸುಧಾ ಪಾಟೀಸವಾಲಿಗೆ ಇಳಿದಳು. "ಎಡಗಡೆ" ಎಂದೆ, ಒಂದು ಕ್ಷಣವೂ ತಡವರಿಸದೆ. ಹೊಸ ಡಿಜಿಟಲ್ ಕ್ಯಾಮೆರಾದ ಪುಟ್ಟ ಪರದೆಯನ್ನು ನನ್ನ ಮೂಗಿನ ಮುಂದೆ ಹಿಡಿದಳು. ಎರಡು ದಂತಗಳೂ ಕಲ್ಲಿನಂತೆ ಗಟ್ಟಿಯಾಗಿದ್ದವು. ಮೂಲೆಯಲ್ಲಿ ಕಣ್ಣು ಮುಚ್ಚಿಕೊಂಡ ನಾನಿದ್ದೆ.

ಆಕ್ಲೆಂಡಿಗೆ ಮರಳಿದರೆ ಪಕ್ಕದ ಮನೆಯ ರಫೀಕ್ ಸಾಹೇಬರು ಬೇಲಿಯ ಹತ್ತಿರ ಕಾಯುತ್ತಿದ್ದರು. ಹುಬ್ಬಳ್ಳಿಯವರು, ಬಟ್ಟೆ ವ್ಯಾಪಾರಿ. ಸುದ್ದಿ ಸುಧಾಳಿಂದ ಆಗಲೇ ತಲುಪಿತ್ತು. "ಏನ್ರೀ ಸರ್, ಆನಿ ನೋಡಿದ್ರೋ ಇಲ್ಲೋ? ಒಂದ್ ಮಾತಿನ್ಯಾಗ ಹೇಳ್ರಿ!" "ನೋಡಿದೀನಿ ಕಣ್ರೀ!" ಎಂದು ಗುಡುಗಿದೆ. ಸಾಲದ್ದಕ್ಕೆ ಶಾಲೆಯ ಭಾಷಣ ಸ್ಪರ್ಧೆಗೆ ಅನಘಾ ಇದೇ ವಿಷಯ ಆರಿಸಿಕೊಂಡಳು. ಊರಿನ ತಂದೆತಾಯಂದಿರ ಎದುರಿಗೆಲ್ಲ ನನ್ನ ಮಾನ ಹರಾಜು! "ನೋಡಮ್ಮಾ, ಅಪ್ಪ ಆನೆ ನೋಡಿದ್ರು ಅಂತ ಒಂದೇ ಒಂದು ಸಾಲು ಸೇರಿಸು" ಎಂದು ಗದರಿದೆ, ಗೋಗರೆದೆ, ಐಸ್‌ಕ್ರೀಮಿನ ಆಸೆ ತೋರಿಸಿದೆ. "ಬಟ್ ಇಟ್ಸ್ ನಾಟ್ ಟ್ರೂ, ಅಪ್ಪಾ" ಎಂದಳು. ಹಠ ನನ್ನದೇ ಬಂದಿದೆ.

ಅಗತ್ಯ ಬಿದ್ದರೆ ಎದ್ದು ನಿಂತು ಪ್ರತಿಭಟಿಸುವುದೆಂದು ಶಾಲೆಯ ಹಾಲಿನಲ್ಲಿ ಮುಂದಿನ ಸಾಲಿನಲ್ಲೇ ಕೂತೆ. ಪಕ್ಕದಲ್ಲಿ ರಫೀಕರು, ಅವರ ಮಗಳದೂ ಅದೇ ಕ್ಲಾಸು. ಅನಘಾ ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: "ಡ್ರೈವರ್ ಸ್ಟೀರಿಂಗ್ ಕೆಳಗೆ ಬಗ್ಗಿ ಕೂತಿದ್ದ. ಅಮ್ಮ ಕ್ಯಾಮೆರಾದ ಹಿಂದೆ ಅಡಗಿದ್ದಳು. ನನಗೆ ಅಳು ಬಂದಿತ್ತು. ಅಪ್ಪ ಮಾತ್ರ ಆ ಆನೆಯನ್ನು ನೋಡಲೇ ಇಲ್ಲ. ಕಣ್ಣು ಮುಚ್ಚಿ ಸುಮ್ಮನೆ ನಿಂತಿದ್ದರು, ಅಷ್ಟು ಧೈರ್ಯ ಅವರಿಗೆ. ಹಿಂದಿನಿಂದ ಅವರ ಅಂಗಿ ಹಿಡಿದುಕೊಂಡೆ. ಆಮೇಲೆ ನನಗೆ ಭಯವಾಗಲಿಲ್ಲ."

ನಿಮ್ಮ ಹತ್ತಿರ ಮುಚ್ಚುಮರೆ ಏಕೆ? ಕೈ ಮುಗಿದದ್ದು ಭಕ್ತಿಯಿಂದಲೇ. ಕಣ್ಣು ಮುಚ್ಚಿದ್ದು ಮಾತ್ರ ಹೆದರಿಕೆಗೆ. ಹಿಂದಿನಿಂದ ಅಂಗಿ ಹಿಡಿದವರು ಯಾರೆಂದು ಆ ಹಾಲಿನಲ್ಲಿ ಗೊತ್ತಾಯಿತು. ಜೀಪಿನಲ್ಲಿ ಅದನ್ನು ಸೊಂಡಿಲೆಂದುಕೊಂಡು ಜೀವ ಬಾಯಿಗೆ ಬಂದಿತ್ತು.

ಕಾರ್ಯಕ್ರಮ ಮುಗಿದ ಮೇಲೆ ಟೀ ಕುಡಿಯುವಾಗ, ನಾಲ್ಕು ಜನ ಸೇರಿದ್ದು ನೋಡಿ ರಫೀಕರು ಮತ್ತೆ ಕೆದಕಿದರು. "ಈಗರೆ ಖರೇ ಹೇಳ್ರಿ ಸರ್. ಆನಿ ನೋಡಿದ್ರೋ ಇಲ್ಲೋ?"

ಅನಘಾ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಎದೆಯುಬ್ಬಿಸಿ, ಹಾಲಿಗೆಲ್ಲ ಕೇಳುವ ಹಾಗೆ ಹೇಳಿದೆ: "ನೋಡೇ ಇಲ್ಲ ಕಣ್ರೀ!"