ಮೋರಿಯ ಎರಡೂ ಬಾಯಿ ನೋಡಿದಿರಾ?

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನನಗೆ ಯಾರ ಮೇಲೂ ನಂಬಿಕೆಯಿಲ್ಲ. ಇದನ್ನು ದುರ್ಗುಣ ಎನ್ನುವವರಿದ್ದಾರೆ, ನಾನು ಮುಂಜಾಗ್ರತೆ ಎನ್ನುತ್ತೇನೆ. ಬೀಗ ಹಾಕಿದ ಮೇಲೆ ಮೂರು ಸಲ ಎಳೆದು ನೋಡದೆ ನಾನು ಮೆಟ್ಟಿಲಿಳಿದವಳಲ್ಲ. ಎಳನೀರಿನವನು "ತುಂಬಾ ನೀರಿದೆ ಅಕ್ಕಾ" ಎಂದರೆ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತೇನೆ. ಮದುವೆಯ ಮಾತುಕತೆಯಲ್ಲಿ "ಹುಡುಗ ಸ್ವೀಡನ್ನಿನ ಉಪ್ಸಾಲಾದಲ್ಲಿ ಸಂಶೋಧನೆ ಮಾಡ್ತಿದಾನೆ" ಎಂದು ಅವರ ಕಡೆಯವರು ಹೇಳಿದಾಗ, ಮನೆಯವರೆಲ್ಲ ಹುಡುಗನ ಫೋಟೋ ನೋಡುತ್ತಿದ್ದರೆ ನಾನು ಒಳಗೆ ಹೋಗಿ ಅಂಥದ್ದೊಂದು ಊರು ಇದೆಯೋ ಇಲ್ಲವೋ ಎಂದು ನಕ್ಷೆಯಲ್ಲಿ ಹುಡುಕುತ್ತಿದ್ದೆ. ಊರೇನೋ ಇತ್ತು. ಸಂಶೋಧನೆ ಇದೆಯೋ ಎಂಬುದು ಮದುವೆಯಾಗಿ ಇಷ್ಟು ವರ್ಷವಾದರೂ ಇತ್ಯರ್ಥವಾಗಿಲ್ಲ.

ನನ್ನಂಥವಳಿಗೆ ಸ್ವೀಡನ್ ಹೇಳಿಮಾಡಿಸಿದ ದೇಶವಲ್ಲ. ಇಲ್ಲಿ ತಾಯಂದಿರು ಮಗುವನ್ನು ಗಾಡಿಯಲ್ಲಿ ಮಲಗಿಸಿ ಹೋಟೆಲಿನ ಹೊರಗೆ ಬಿಟ್ಟು ಒಳಗೆ ಕಾಫಿ ಕುಡಿಯುತ್ತಾರೆ. ಮೊದಲ ವಾರ ಅಂಥ ಒಂದು ಗಾಡಿಯ ಪಕ್ಕದಲ್ಲಿ ಅರ್ಧ ಗಂಟೆ ಕಾವಲು ನಿಂತಿದ್ದೆ. ಆ ತಾಯಿ ಕಾಫಿ ಬಿಟ್ಟು ಓಡಿಬಂದು ನನ್ನನ್ನೇ ಅನುಮಾನದಿಂದ ನೋಡಿದಳು. ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಎಲ್ಲರಿಗೂ ಸೇರಿ ಒಂದು ಬಟ್ಟೆ ಒಗೆಯುವ ಕೋಣೆಯಿದೆ. ಜನ ಯಂತ್ರಕ್ಕೆ ಬಟ್ಟೆ ತುಂಬಿ ಮನೆಗೆ ಹೋಗಿಬಿಡುತ್ತಾರೆ. ನಾನು ಮಾತ್ರ ಒಂದು ಸ್ಟೂಲ್ ಹಾಕಿಕೊಂಡು, ನಮ್ಮ ಬೆಡ್‌ಶೀಟ್ ತಿರುಗುವುದನ್ನು ಕೊನೆಯವರೆಗೂ ನೋಡುತ್ತಾ ಕೂರುತ್ತಿದ್ದೆ. "ಮಾರಾಯ್ತಿ, ನಿನ್ನ ಹಳೇ ನೈಟಿ ಯಾರಿಗ್ ಬೇಕು?" ಎಂದು ಇವರು ಕೇಳುತ್ತಿದ್ದರು. ಇವರು ಕುಂದಾಪುರದ ಕಡೆಯವರು. ನಾಲ್ಕು ಜನ ಕನ್ನಡಿಗರು ಸೇರಿದ ಕಡೆ ಅಚ್ಚ ಬೆಂಗಳೂರಿನವರಂತೆ ಮಾತಾಡುತ್ತಾರೆ, ನನ್ನನ್ನು ಗೇಲಿ ಮಾಡುವಾಗ ಮಾತ್ರ ಊರಿನ ಮಾರಾಯ್ತಿ ಎದ್ದು ಬರುತ್ತಾಳೆ.

ನಾನು ಕೆಲಸಕ್ಕೆ ಸೇರಿದ್ದು, ಇವರು ದಿನಾ ರೈಲಿನಲ್ಲಿ ಉಪ್ಸಾಲಾಕ್ಕೆ ಹೋಗಿಬರುತ್ತಿದ್ದ ನಮ್ಮ ಊರು ಸುಂಡ್‌ಬೀಬರ್ಯ್‌ನಲ್ಲಿ, ನಮ್ಮ ಬಾಡಿಗೆ ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ ಒಂದು ಸಣ್ಣ ಕಂಪನಿಗೆ. ಕೊಮ್ಮುನ್‌ಗಳಿಗೆ, ಅಂದರೆ ಇಲ್ಲಿಯ ಪುರಸಭೆಗಳಿಗೆ, ಇಂಟರ್ನೆಟ್ಟಿನಲ್ಲಿ ನಕ್ಷೆ ಮಾಡಿಕೊಡುವುದು ನಮ್ಮ ಕಸುಬು. ಆಗ ಕೈಗೆತ್ತಿಕೊಂಡಿದ್ದು ಒಂದು ಕೊಮ್ಮುನ್‌ನ ರಸ್ತೆಗಳ ಅಡಿಯಲ್ಲಿ ನೀರು ಹಾಯುವ ಮೋರಿಗಳ ಸಮೀಕ್ಷೆ. ನಮ್ಮವರೊಬ್ಬರು ಕೈಯಲ್ಲಿ ಹಿಡಿಯುವ ಪುಟ್ಟ ಕಂಪ್ಯೂಟರ್ ತೆಗೆದುಕೊಂಡು ಮೋರಿಯಿಂದ ಮೋರಿಗೆ ಹೋಗಿ, ಅದರಲ್ಲಿರುವ ನಮೂನೆಯನ್ನು ತುಂಬಿಸಿಕೊಂಡು ಬರುತ್ತಾರೆ. ಅವರು ಎಲ್ಲಿ ನಿಂತು ಎಷ್ಟು ಹೊತ್ತಿಗೆ ತುಂಬಿದರು ಎಂಬುದನ್ನು ಯಂತ್ರ ತಾನೇ ಬರೆದುಕೊಳ್ಳುತ್ತದೆ. ಸಂಜೆ ಅದನ್ನು ಆಫೀಸಿನ ಕಂಪ್ಯೂಟರಿಗೆ ಸಿಕ್ಕಿಸಿ ಹೋದರೆ ಸಾಕು, ನಾನು ಬರೆದ ಪ್ರೋಗ್ರಾಂ ಮಾಹಿತಿಯನ್ನೆಲ್ಲ ಎಳೆದುಕೊಂಡು ಚುಕ್ಕಿಗಳಾಗಿ ನಕ್ಷೆಯ ಮೇಲೆ ಇಡುತ್ತದೆ. ಬೆಳಿಗ್ಗೆ ಕೊಮ್ಮುನ್‌ನ ಯಾವ ಪ್ರಜೆ ಬೇಕಾದರೂ ಚುಕ್ಕಿಯನ್ನು ಒತ್ತಿ ತನ್ನ ಮನೆಯ ಮುಂದಿನ ಮೋರಿಯ ಯೋಗಕ್ಷೇಮ ಓದಿಕೊಳ್ಳಬಹುದು. ಮೋರಿಯ ಯೋಗಕ್ಷೇಮ ವಿಚಾರಿಸುವ ಪ್ರಜೆಗಳೂ ಇರುತ್ತಾರೆಯೇ ಎಂದು ನನಗೆ ಅನುಮಾನವಿತ್ತು. ಇದ್ದರು.

ಕೆಲಸ ಖಾಯಂ ಆಗುವ ಮೊದಲು ಆರು ತಿಂಗಳ ಪರೀಕ್ಷೆಯ ಅವಧಿ. ಅದರಲ್ಲಿ ಐದು ತಿಂಗಳು ಮುಗಿದಿತ್ತು. ಕೆಲಸ ಹೋದರೆ ಮತ್ತೆ ಮನೆಯಲ್ಲಿ ಕೂತು ಬಟ್ಟೆ ತಿರುಗುವುದನ್ನು ನೋಡಬೇಕು. ಹಾಗಾಗಿ ಏನಾದರೂ ಸಾಧಿಸಿ ತೋರಿಸಬೇಕೆಂಬ ಹಟ ಹುಟ್ಟಿತು. ನಾನು ಬರುವ ಮೊದಲು ಆ ನಮೂನೆಯಲ್ಲಿ ಇದ್ದದ್ದು ಆರೇ ಪ್ರಶ್ನೆ. ನಾನು ಅದನ್ನು ಹತ್ತೊಂಬತ್ತಕ್ಕೆ ಏರಿಸಿದೆ, ಒಂದನ್ನೂ ಉತ್ತರಿಸದೆ ಮುಂದಕ್ಕೆ ಹೋಗಲು ಬಿಡದಂತೆ ಬಿಗಿ ಮಾಡಿದೆ. "ಮೋರಿಯ ಎರಡೂ ಬಾಯಿ ನೋಡಿದಿರಾ?" ಎಂಬುದು ಹದಿನೇಳನೆಯದು. "ಈಗ ನಿಜವಾಗಿಯೂ ಮೋರಿಯ ಪಕ್ಕದಲ್ಲೇ ನಿಂತಿದ್ದೀರಾ?" ಎಂಬುದು ಹದಿನೆಂಟನೆಯದು. ನನ್ನ ಮೇಲಧಿಕಾರಿ ಆನೆಲಿ ಅದನ್ನು ಓದಿ, "ಇದನ್ನೂ ಕೇಳಬೇಕಾ?" ಎಂದಳು. "ಕೇಳಿದರೆ ತಪ್ಪೇನು?" ಎಂದೆ. ಆಕೆ ಬಾಯಿಂದ ಗಾಳಿಯನ್ನು ಒಳಕ್ಕೆ ಎಳೆದುಕೊಂಡಳು. ಇಲ್ಲಿಯ ಕೆಲವರು 'ಹೌದು' ಎನ್ನುವುದೇ ಹಾಗೆ ಎಂದು ನನಗೆ ಆಮೇಲೆ ತಿಳಿಯಿತು. ಆವತ್ತು ಮಾತ್ರ ಆಕೆಗೆ ಎಲ್ಲೋ ಚಳುಕು ಹಿಡಿದಿದೆ ಎಂದುಕೊಂಡಿದ್ದೆ.

ಮೋರಿ ನೋಡಲು ಹೋಗುತ್ತಿದ್ದವರು ಲೆನ್ನಾರ್ಟ್, ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಹಿರಿಯರು. ಮಾತು ಕಡಿಮೆ. ಇಲ್ಲಿ ಚಿಕ್ಕವರು ದೊಡ್ಡವರೆನ್ನದೆ ಎಲ್ಲರಿಗೂ ಹೆಸರು ಹಿಡಿದು ಏಕವಚನ. ನಾನು ಮಾತ್ರ ಮನಸ್ಸಿನಲ್ಲಿ ಅವರಿಗೆ ಬಹುವಚನವನ್ನೇ ಕೊಡುತ್ತಿದ್ದೆ. ಒಂದು ದಿನ ನಕ್ಷೆಯನ್ನು ಹಿಗ್ಗಿಸಿ ನೋಡುತ್ತೇನೆ, ಹನ್ನೊಂದು ಮೋರಿಗಳು ಒಂದೇ ಜಾಗದಲ್ಲಿ ಗುಡ್ಡೆ ಬಿದ್ದಿವೆ! ಇನ್ನೂ ಹಿಗ್ಗಿಸಿದೆ. ಅದು ಹೆದ್ದಾರಿ ಬದಿಯ ಒಂದು ಪೆಟ್ರೋಲ್ ಬಂಕ್. ಒಂದೊಂದು ದಾಖಲೆಗೂ ನಡುವೆ ಎರಡೆರಡೇ ನಿಮಿಷ. ಅಂದರೆ ಈ ಮನುಷ್ಯ ಬಂಕಿನಲ್ಲಿ ಬನ್ನು ತಿನ್ನುತ್ತಾ ಹನ್ನೊಂದು ಮೋರಿಗಳಿಗೆ ಆರೋಗ್ಯದ ಸರ್ಟಿಫಿಕೇಟ್ ಕೊಟ್ಟಿದ್ದಾನೆ! ಆ ಕ್ಷಣವೇ ಬಹುವಚನ ಬಿದ್ದುಹೋಯಿತು. ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ವರ್ಷಗಟ್ಟಲೆ ಎಲ್ಲರನ್ನೂ ಅನುಮಾನಿಸಿದವಳಿಗೆ ಒಬ್ಬ ನಿಜವಾದ ಕಳ್ಳ ಸಿಕ್ಕರೆ ಎಷ್ಟು ಹಿತವಾಗುತ್ತದೆ ಎಂಬುದು ಅನುಭವಿಸಿದವರಿಗೇ ಗೊತ್ತು. ಮನೆಗೆ ಬಂದು ಇವರಿಗೆ ಹೇಳಿದೆ. "ಮೊಸರಲ್ಲಿ ಕಲ್ಲು ಹುಡುಕ್ಬೇಡ," ಎಂದರು. "ಒಂದಲ್ಲ, ಹನ್ನೊಂದು ಕಲ್ಲು ಸಿಕ್ಕಿದೆ," ಎಂದೆ.

ಎರಡೇ ದಿನದಲ್ಲಿ ಇನ್ನೊಂದು ಪ್ರೋಗ್ರಾಂ ಬರೆದೆ. ನಿಂತ ಜಾಗದಿಂದ ಅಲುಗಾಡದೆ ಎರಡು ಮೋರಿ ತುಂಬಿದವರು, ಹಿಂದಿನ ಉತ್ತರವನ್ನೇ ನಕಲು ಹೊಡೆದವರು, ಎಲ್ಲರ ಹೆಸರನ್ನೂ ಅದು ಆರಿಸುತ್ತದೆ. ಪ್ರತಿ ಶುಕ್ರವಾರ ಮಧ್ಯಾಹ್ನ ಎರಡು ಗಂಟೆಗೆ 'ಅನುಮಾನಾಸ್ಪದ ದಾಖಲೆಗಳು' ಎಂಬ ತಲೆಬರಹದೊಂದಿಗೆ ಆ ಪಟ್ಟಿ ಇ-ಮೇಲಿನಲ್ಲಿ ನನಗೂ ಆನೆಲಿಗೂ ಕೊಮ್ಮುನ್‌ನ ಎಂಜಿನಿಯರಿಗೂ ತಾನಾಗಿಯೇ ಹೋಗುತ್ತದೆ. ನಡುವೆ ಮನುಷ್ಯರ ಕೈ ಇಲ್ಲ. ದಾಕ್ಷಿಣ್ಯಕ್ಕೆ ಬಿದ್ದು ಯಾರ ಹೆಸರನ್ನೂ ಬಿಡಬಾರದಲ್ಲ! ಆನೆಲಿ ಎಲ್ಲವನ್ನೂ ಕೇಳಿ, "ಪಟ್ಟಿಯಲ್ಲಿ ಹೆಸರು ಬಂದರೆ ಅವನನ್ನು ಹೊರಗಡೆ ಕೆಲಸದಿಂದ ತೆಗೀಬೇಕಾಗುತ್ತೆ. ಮೂವತ್ತು ವರ್ಷದಿಂದ ಅದೇ ಕೆಲಸ ಮಾಡಿದ್ದಾನೆ," ಎಂದಳು. ಆಮೇಲೆ ಕ್ಯಾಲೆಂಡರ್ ನೋಡಿ, "ಹಳೇದು ಬೇಡ. ಗುರುವಾರದಿಂದ ಲೆಕ್ಕಕ್ಕೆ ತಗೋ. ಗುರುವಾರ ನೀನೂ ಅವನ ಜೊತೆ ಹೋಗು, ಹೀಗೊಂದು ಪರೀಕ್ಷೆ ಶುರುವಾಗಿದೆ ಅಂತ ಅವನಿಗೆ ಹೇಳು," ಎಂದಳು. ಕಳ್ಳನಿಗೆ ಮೊದಲೇ ತಿಳಿಸಿ ಹಿಡಿಯುವುದು ಯಾವ ನ್ಯಾಯ ಎಂದು ನನಗೆ ಅರ್ಥವಾಗಲಿಲ್ಲ. ಹೊರಡುವಾಗ ಆಕೆ, "ನಿನ್ನ ಕಾಲಿನ ಸೈಜ್ ಎಷ್ಟು?" ಎಂದು ಕೇಳಿದಳು. ಇದೇನಪ್ಪ ಹೊಸ ವರಸೆ ಎಂದು "ಮಾಮೂಲಿ" ಎಂದೆ.

ಗುರುವಾರ, ನವೆಂಬರಿನ ಚಳಿ. ಕಾರಿನ ಹಿಂದೆ ಲೆನ್ನಾರ್ಟ್ ಮೂರು ಅಳತೆಯ ಮೂರು ಜೊತೆ ರಬ್ಬರ್ ಬೂಟು ಇಟ್ಟುಕೊಂಡು ನಿಂತಿದ್ದ. "ಮಾಮೂಲಿ ಅಂದರೆ ಎಷ್ಟು ಅಂತ ಆನೆಲಿಗೂ ಗೊತ್ತಾಗಲಿಲ್ಲವಂತೆ. ಹಾಕ್ಕೋ, ಕಾಲು ಒದ್ದೆಯಾಗುತ್ತೆ," ಎಂದ. ತಪ್ಪು ಮಾಡಿದವನು ಬೂಟು ಕೊಟ್ಟು ನನ್ನ ಬಾಯಿ ಮುಚ್ಚಿಸಲು ನೋಡುತ್ತಿದ್ದಾನೆ ಎಂದುಕೊಂಡು, "ಬೇಡ, ನನ್ನ ಶೂ ಗಟ್ಟಿಯಾಗಿದೆ," ಎಂದೆ. ದಾರಿಯಲ್ಲಿ ಹೊಸ ಪರೀಕ್ಷೆಯ ವಿಷಯ ಹೇಳಿ ಓರೆಗಣ್ಣಿನಲ್ಲಿ ಮುಖ ನೋಡಿದೆ. ಅವನು "ಒಳ್ಳೆಯದು, ಒಳ್ಳೆಯದು," ಎಂದ ಅಷ್ಟೆ. ಮೊದಲನೆಯ ಮೋರಿಯಲ್ಲೇ ನನ್ನ ಕಾಲು ಗಟ್ಟಿ ಶೂ ಸಮೇತ ಮೊಣಕಾಲಿನವರೆಗೆ ಕೆಸರಿಗೆ ಇಳಿಯಿತು.

ಆ ಮನುಷ್ಯ ಮಂಡಿಯೂರಿ, ಟಾರ್ಚ್ ಬಿಟ್ಟು, ಮೋರಿಯೊಳಗೆ ಅರ್ಧ ದೇಹ ತೂರಿಸಿ ನೋಡುತ್ತಿದ್ದ. ಟೇಪು ಹಿಡಿದು ಅಳೆದು, ಅಭ್ಯಾಸಬಲದಿಂದ ಜೇಬಿನಿಂದ ಒಂದು ನೋಟ್‌ಬುಕ್ ತೆಗೆದ. ಆಮೇಲೆ ಏನೋ ನೆನಪಾದವನಂತೆ ಅದನ್ನು ಒಳಗಿಟ್ಟು ಯಂತ್ರ ತೆಗೆದ. ಯಂತ್ರ ಸತ್ತಿತ್ತು. ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಬಿಸಿ ಮಾಡುತ್ತಾ, "ಇದಕ್ಕೆ ಚಳಿ ತಡೆಯೋಕಾಗಲ್ಲ, ಬ್ಯಾಟರಿ ಹೋಗಿಬಿಡುತ್ತೆ. ಅದಕ್ಕೇ ಇಲ್ಲೆಲ್ಲ ಪೆನ್ಸಿಲಲ್ಲಿ ಬರ್ಕೊಂಡು, ಬಂಕಿನಲ್ಲಿ ಕೂತು ಒಟ್ಟಿಗೆ ತುಂಬ್ತಿದ್ದೆ. ಹತ್ತೊಂಬತ್ತು ಪ್ರಶ್ನೆ ನೋಡು, ಕೈ ಸೆಟೆದುಹೋಗುತ್ತೆ," ಎಂದ. ನೋಟ್‌ಬುಕ್ ಕೇಳಿ ಇಸಿದುಕೊಂಡೆ. ಹನ್ನೊಂದೂ ಮೋರಿ ಅಲ್ಲಿದ್ದವು, ಅಳತೆ, ಬಿರುಕು, ಒಳಗೆ ಸಿಕ್ಕಿಕೊಂಡ ಕೊಂಬೆಯ ಚಿತ್ರದ ಸಮೇತ. ನಿನ್ನೆ ರಾತ್ರಿ ಕೂತು ಬರೆದದ್ದಿರಬಹುದೇ ಎಂದು ಹಾಳೆ ಮೂಸಿ ಕೂಡ ನೋಡಿದೆ. ಕೆಸರಿನ ವಾಸನೆ. ನನಗೆ ನಿಜವಾಗಿಯೂ ನಾಚಿಕೆಯಾಯಿತು. ಬಹುವಚನವನ್ನು ಬಡ್ಡಿ ಸಮೇತ ಹಿಂದಿರುಗಿಸಿದೆ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಪಶ್ಚಾತ್ತಾಪಪಟ್ಟ ಸಜ್ಜನಳಾಗಿ ಉಳಿಯುತ್ತಿದ್ದೆ. ಎರಡು ಗಂಟೆ ದಾಟುತ್ತಿದ್ದಂತೆ ಬೆಳಕು ಕಂದತೊಡಗಿತು. ಇನ್ನೂ ಏಳು ಮೋರಿ ಬಾಕಿ. ನನ್ನ ಹತ್ತಿರವೂ ಒಂದು ಯಂತ್ರವಿತ್ತು. "ಕಾಡಿನ ಒಳಗಿರೋ ನಾಲ್ಕು ನಾನು ನೋಡ್ತೀನಿ, ರಸ್ತೆ ಬದಿಯ ಮೂರು ನೀನು ನೋಡು," ಎಂದು ಹೇಳಿ ಲೆನ್ನಾರ್ಟ್ ಮರಗಳ ನಡುವೆ ಮರೆಯಾದರು. ಒಂದನ್ನು ನೋಡಿದೆ, ಪ್ರಾಮಾಣಿಕವಾಗಿ. ಅಷ್ಟು ಹೊತ್ತಿಗೆ ನನ್ನ ಕಾಲ್ಬೆರಳುಗಳು ಇವೆಯೋ ಇಲ್ಲವೋ ಎಂಬುದೇ ಅನುಮಾನವಾಗಿತ್ತು. ಒಂದು ನಿಮಿಷ ಬೆಚ್ಚಗೆ ಕೂತು ಹೋಗೋಣವೆಂದು ಕಾರಿಗೆ ಬಂದು ಹೀಟರ್ ಹಾಕಿದೆ. ಕೂತವಳಿಗೆ ಏಳಲು ಮನಸ್ಸು ಬರಲಿಲ್ಲ. ಉಳಿದ ಎರಡು ಮೋರಿಗಳು ಹೇಗಿದ್ದಾವು? ಮೋರಿ ಅಂದರೆ ಮೋರಿ. ಯಂತ್ರ ತೆಗೆದೆ. ಕಾಂಕ್ರೀಟು. ನೀರು ಸ್ವಲ್ಪ. ಸ್ಥಿತಿ ಉತ್ತಮ. ಎರಡೂ ಬಾಯಿ ನೋಡಿದಿರಾ? ಹೌದು. ಈಗ ನಿಜವಾಗಿಯೂ ಮೋರಿಯ ಪಕ್ಕದಲ್ಲೇ ನಿಂತಿದ್ದೀರಾ? ಹೌದು. ಆ ಹೌದು ಒತ್ತುವಾಗ ನನ್ನ ಕೈ ಒಂದಿಷ್ಟೂ ನಡುಗಲಿಲ್ಲ. ಹೀಟರ್ ಅಷ್ಟು ಚೆನ್ನಾಗಿತ್ತು. ಲೆನ್ನಾರ್ಟ್ ಬಂದು "ಎಲ್ಲಾ ಆಯ್ತಾ?" ಎಂದಾಗ "ಆಯ್ತು" ಎಂದೆ. ಅವರು ನನ್ನ ಶೂ ನೋಡಿ ಹೀಟರನ್ನು ಇನ್ನಷ್ಟು ಏರಿಸಿದರು.

ಶುಕ್ರವಾರ ಬೆಳಿಗ್ಗೆಯಿಂದ ನಾನು ಖುಷಿಯಲ್ಲೇ ಇದ್ದೆ. ಹಿಂದಿನ ದಿನ ನನ್ನ ಮಾತಿಗೆ ಬೆಲೆ ಕೊಟ್ಟು ಲೆನ್ನಾರ್ಟ್ ಪ್ರತಿ ಮೋರಿಯ ಪಕ್ಕದಲ್ಲೇ ನಿಂತು, ಯಂತ್ರವನ್ನು ಕಂಕುಳಲ್ಲಿ ಸಾಕಿಕೊಂಡು ತುಂಬಿದ್ದರು. ಅವರ ಹೆಸರು ಬರುವ ಭಯವಿಲ್ಲ. ಪಟ್ಟಿ ಖಾಲಿ ಬರುತ್ತದೆ, ಒಬ್ಬ ಹಿರಿಯರ ಕೆಲಸ ಉಳಿಯಿತು ಎಂದು ನಾನೇ ಉಳಿಸಿದವಳಂತೆ ಬೀಗುತ್ತಿದ್ದೆ. ಎರಡಕ್ಕೆ ಸರಿಯಾಗಿ ಪತ್ರ ಬಂತು. ಅನುಮಾನಾಸ್ಪದ ದಾಖಲೆಗಳು: ಎರಡು. ಕಾರಣ: ನಿಂತ ಜಾಗದಿಂದ ಅಲುಗಾಡಿಲ್ಲ, ಉತ್ತರಗಳು ನಕಲು. ಹೆಸರು: ಸುಜಾತಾ.

ಊರಿನವರನ್ನೆಲ್ಲ ಅನುಮಾನಿಸಿದವಳಿಗೆ ಆ ಪಟ್ಟಿಯಲ್ಲಿ ತನ್ನ ಹೆಸರು ಬರಬಹುದು ಎಂದು ಹೊಳೆದೇ ಇರಲಿಲ್ಲ. ಕೆಲಸ ಹೋಯಿತು, ಮಾನವೂ ಹೋಯಿತು, ಅದೂ ಕೊಮ್ಮುನ್‌ನ ಎಂಜಿನಿಯರಿನ ಮುಂದೆ. ಇನ್ನೊಂದು ವಿಷಯವನ್ನೂ ಹೇಳಿಬಿಡಬೇಕು. ಯಂತ್ರಗಳು ಅದಲುಬದಲಾಗಿದ್ದವು, ನನ್ನದನ್ನು ಲೆನ್ನಾರ್ಟ್ ಹಿಡಿದಿದ್ದರು ಎಂದು ಹೇಳಿದರೆ ಹೇಗೆ ಎಂಬ ಯೋಚನೆ ಬಂತು. ಬಂದು ತಕ್ಷಣ ಹೋಗಲಿಲ್ಲ, ಪೂರ್ತಿ ಎರಡು ನಿಮಿಷ ನನ್ನ ತಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿತ್ತು. ಬಂಕಿನ ಹನ್ನೊಂದು ಚುಕ್ಕಿ ನೋಡಿದ್ದ ಆನೆಲಿ ಅದನ್ನು ನಂಬಿಯೂಬಿಡುತ್ತಿದ್ದಳು. ಕಂಕುಳಲ್ಲಿ ಯಂತ್ರ ಇಟ್ಟುಕೊಂಡು ನಿಂತ ಆ ಮನುಷ್ಯನ ಮುಖ ನೆನಪಾಗದಿದ್ದರೆ ಏನು ಮಾಡುತ್ತಿದ್ದೆನೋ, ನನಗೇ ನನ್ನ ಮೇಲೆ ನಂಬಿಕೆಯಿಲ್ಲ. ಎದ್ದುಹೋಗಿ, "ಚಳಿಯಾಯಿತು, ಕಾರಿನಲ್ಲೇ ಕೂತು ತುಂಬಿದೆ," ಎಂದೆ. ಆನೆಲಿ ಗಾಳಿಯನ್ನು ಒಳಕ್ಕೆ ಎಳೆದುಕೊಂಡಳು. "ಹಾಗಾದರೆ ಪ್ರೋಗ್ರಾಂ ಸರಿಯಾಗಿ ಕೆಲಸ ಮಾಡುತ್ತೆ. ಆ ಎರಡನ್ನ ಸೋಮವಾರ ಲೆನ್ನಾರ್ಟ್ ನೋಡಿ ಬರ್ತಾನೆ. ಫೀಕಾಗೆ ಬರ್ತೀಯಾ?" ಎಂದಳು. ಫೀಕಾ ಅಂದರೆ ಎಲ್ಲರೂ ಸೇರಿ ಕಾಫಿ ಕುಡಿಯುವ ಹೊತ್ತು. ವಿಷ ಹಾಕಿರಬಹುದೇ ಎಂದುಕೊಂಡೇ ಕುಡಿದೆ. ಮುಂದಿನ ತಿಂಗಳು ಕೆಲಸ ಖಾಯಂ ಆದ ಪತ್ರ ಬಂದಾಗ, ಇದರಲ್ಲಿ ಏನೋ ಮಸಲತ್ತು ಇದೆ ಎಂದು ನಾಲ್ಕು ಸಲ ಓದಿದೆ. ಮನೆಯಲ್ಲಿ ಇವರು ಮಾತ್ರ "ತಾನು ಕಳ್ಳ, ಪರರ ನಂಬ" ಎಂದು ಹಾಡಿನಂತೆ ಗುನುಗುತ್ತಾ ದೋಸೆ ಹೊಯ್ದರು.

ಅದಕ್ಕೆ ಮೊದಲು, ಹೇಳಿದಂತೆ ಆ ಸೋಮವಾರವೇ ಲೆನ್ನಾರ್ಟ್ ಹೋಗಿ ಬಂದಿದ್ದರು. ಮಂಗಳವಾರ ಬೆಳಿಗ್ಗೆ ನಕ್ಷೆ ತೆರೆದು ನೋಡಿದೆ. ನಾನು 'ಸ್ಥಿತಿ ಉತ್ತಮ' ಎಂದಿದ್ದ ಮೊದಲ ಮೋರಿ ನಡುವೆ ಕುಸಿದಿತ್ತು. ಎರಡನೆಯದು ಇರಲೇ ಇಲ್ಲ. ಎಂದೋ ರಸ್ತೆ ಅಗಲ ಮಾಡುವಾಗ ಕಿತ್ತುಹಾಕಿದ್ದಾರಂತೆ. ಇಲ್ಲದ ಮೋರಿಯ ಎರಡೂ ಬಾಯಿಯನ್ನು ನಾನು ನೋಡಿ ಬಂದಿದ್ದೆ. ಇಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ನಮೂನೆಯ ಕೊನೆಯಲ್ಲಿ 'ಇತರೆ ವಿಷಯ' ಎಂಬ ಹತ್ತೊಂಬತ್ತನೆಯ ಪ್ರಶ್ನೆಯಿದೆ, ಅದನ್ನೂ ಖಾಲಿ ಬಿಡಲು ಬಾರದಂತೆ ನಾನೇ ಬಿಗಿ ಮಾಡಿದ್ದೆನಲ್ಲ, ಏನಾದರೂ ಬರೆಯಲೇಬೇಕಲ್ಲ ಎಂದು ಲೆನ್ನಾರ್ಟ್ ಆ ಇಲ್ಲದ ಮೋರಿಯ ಚುಕ್ಕಿಯಲ್ಲಿ ಹೀಗೆ ಬರೆದಿದ್ದರು: "ಗುರುವಾರ ಬಂದಿದ್ದ ಸಹೋದ್ಯೋಗಿ ಸುಜಾತಾ ಅವರ ಶೂ ಒದ್ದೆಯಾಗಿ ಬಹಳ ಚಳಿಯಾಗಿತ್ತು. ಅವರ ತಪ್ಪಲ್ಲ. ಒಳ್ಳೆಯ ಬೂಟು ಕೊಡಿಸಬೇಕು."

ಇಂದಿಗೂ ಆ ಕೊಮ್ಮುನ್‌ನ ಪ್ರಜೆಗಳು ಆ ಚುಕ್ಕಿಯನ್ನು ಒತ್ತಿದರೆ ಮೋರಿಯ ಬದಲು ನನ್ನ ಕಾಲಿನ ಯೋಗಕ್ಷೇಮ ತೆರೆದುಕೊಳ್ಳುತ್ತದೆ. ಇವರು ಉಪ್ಸಾಲಾದಲ್ಲಿ ತಮ್ಮ ಲ್ಯಾಬಿನವರಿಗೆಲ್ಲ ಅದನ್ನು ತೋರಿಸಿ ಮುಗಿಸಿದ್ದಾರೆ. ಅಳಿಸಿಹಾಕಬಾರದೇ ಎಂದು ನೀವು ಕೇಳಬಹುದು. ಅಳಿಸಲು ಅರೆ ನಿಮಿಷ ಸಾಕು, ಕೀಲಿಕೈ ನನ್ನ ಹತ್ತಿರವೇ ಇದೆ. ಆದರೆ ನಕ್ಷೆಯಿಂದ ಯಾರಾದರೂ ಗುಟ್ಟಾಗಿ ಏನನ್ನಾದರೂ ಅಳಿಸಿಯಾರು ಎಂಬ ಅನುಮಾನದಿಂದ, ಹಾಗೆ ಅಳಿಸಿದವರ ಹೆಸರು ಶುಕ್ರವಾರದ ಪತ್ರದ ಮೊದಲ ಸಾಲಿನಲ್ಲೇ ದಪ್ಪಕ್ಷರದಲ್ಲಿ ಬರುವಂತೆ ಪ್ರೋಗ್ರಾಂ ಬರೆದವಳೂ ನಾನೇ.