ಅಪ್ಪನ ಊಟ ಮುಗಿಯಲಿಲ್ಲ

ತಿಯಾಂಗ್ ಸೆಂಗನಿಗೆ ಅಂದು ಕಷ್ಟ ತಂದಿಟ್ಟದ್ದು ಎರಡು ತಾಮ್ರದ ಕಾಸು. ಸಮಾಧಿ ತೊಳೆಯುವ ಹಬ್ಬದಲ್ಲಿ ಹಿರಿಯರಿಗೆ ಎಡೆ ಇಟ್ಟ ಮೇಲೆ, ಕಾಸು ಎಸೆದು 'ಊಟ ಆಯಿತೇ?' ಎಂದು ಕೇಳಬೇಕು. ಒಂದು ಅಂಗಾತ, ಒಂದು ಬೋರಲು ಬಿದ್ದರೆ ಆಯಿತು ಎಂದರ್ಥ. ಎರಡೂ ಒಂದೇ ಥರ ಬಿದ್ದರೆ ಅವರಿನ್ನೂ ಉಣ್ಣುತ್ತಿದ್ದಾರೆ. ಉಂಡು ಮುಗಿಯುವ ತನಕ ಮನೆಯವರು ಕದಲುವಂತಿಲ್ಲ.

ಚೀನಾದಿಂದ ಹಡಗು ಹತ್ತಿ ಬಂದು ಪಿನಾಂಗಿನಲ್ಲಿ ಒಣಮೀನಿನ ವ್ಯಾಪಾರ ಹೂಡಿದ್ದ ತಾತ ಒಂದೇ ಎಸೆತಕ್ಕೆ ಕೈ ತೊಳೆದರು. ಅಜ್ಜಿಯೂ ಅಷ್ಟೇ. ಅಪ್ಪ ಮಾತ್ರ ಏಳಲೊಲ್ಲರು. ಸೆಂಗನ ಅಂಗಡಿ ಇರುವುದು ದೂರದ ಇಪೋದಲ್ಲಿ. ಅಲ್ಲಿಗೆ ಕೊನೆಯ ಬಸ್ಸು ಎರಡು ಗಂಟೆಗೆ. ವರ್ಷಕ್ಕೊಮ್ಮೆ ಬೆಳಗಿನ ಬಸ್ಸಿಗೆ ಬಂದು, ಅಮ್ಮನ ಮನೆಯಲ್ಲಿ ಒಂದು ರಾತ್ರಿಯೂ ನಿಲ್ಲದೆ ಮಧ್ಯಾಹ್ನದ ಬಸ್ಸಿಗೆ ಓಡುವ ಭಕ್ತಿ ಅವನದು.

ಅಮ್ಮ ಕಾಸು ಎಸೆದು, ಬಗ್ಗಿ ನೋಡಿ, ಬಾಚಿಕೊಂಡರು. "ಇನ್ನೂ ಇಲ್ವಂತೆ ಕಣೋ."

ಪಕ್ಕದ ಸಮಾಧಿಗೆ ಬಣ್ಣ ಬಳಿಯುತ್ತಿದ್ದ ಅಮ್ಮನ ಗೆಳತಿ ಗೇಕ್ ನ್ಯೋ ಅತ್ತೆ ಸುಮ್ಮನಿರುವವರೇ? "ಕಾಫಿ ಇಟ್ಟಿದ್ದೀಯೇನೋ? ನಿಮ್ಮಪ್ಪ ಕಾಫಿ ಕುಡೀದೆ ಎದ್ದಿದ್ದುಂಟಾ?"

ಸೆಂಗ್ ಸಮಾಧಿಗಳ ಗುಡ್ಡ ಇಳಿದು, ಕೆಳಗಿನ ಅಂಗಡಿಯಿಂದ ಕಾಫಿ ತಂದ.

"ಇನ್ನೂ ಇಲ್ವಂತೆ."

"ಸಕ್ಕರೆ ಹಾಕಿಸಿದ್ಯಾ? ಅಯ್ಯೋ, ಅವರಿಗೆ ಸಕ್ಕರೆ ಕಾಯಿಲೆ ಇತ್ತಲ್ಲೋ!"

"ಸತ್ತ ಮೇಲೂ ಪಥ್ಯವಾ ಅತ್ತೆ?" ಎಂದು ಗೊಣಗುತ್ತಲೇ ಮತ್ತೆ ಇಳಿದ. ಮೂರನೆಯ ಸಲ ಸಿಗರೇಟಿಗೆ. ನಾಲ್ಕನೆಯ ಸಲ ಮರೆತ ಬೆಂಕಿಪೊಟ್ಟಣಕ್ಕೆ. ಅಪ್ಪ ಬದುಕಿದ್ದಾಗಲೂ ಅವನು ಇಷ್ಟು ಸೇವೆ ಮಾಡಿರಲಿಲ್ಲ.

ಒಂದೂವರೆಗೆ ಕಾಸು ಅವನ ಕಾಲ ಬುಡಕ್ಕೇ ಬಿತ್ತು. ಒಂದು ಅಂಗಾತ, ಒಂದು ಬೋರಲು. ಕಣ್ಣಾರೆ ಕಂಡ. ಅಮ್ಮ ತಟ್ಟನೆ ಬಾಚಿಕೊಂಡು, ಮುಖ ತಿರುಗಿಸಿ, "ಇನ್ನೂ ಇಲ್ವಂತೆ" ಎಂದರು.

ಕೇಳಲು ಹೊರಟವನ ಕಣ್ಣು ಸಮಾಧಿಯತ್ತ ಹೊರಳಿತು. ಕಲ್ಲಿನ ಮೇಲೆ ಅಪ್ಪನ ಹೆಸರಿನ ಪಕ್ಕ ಅಮ್ಮನ ಹೆಸರನ್ನೂ ಆಗಲೇ ಕೆತ್ತಿ, ಇನ್ನೂ ಬದುಕಿದ್ದಾರೆ ಎನ್ನುವ ಗುರುತಿಗೆ ಕೆಂಪು ಬಣ್ಣ ತುಂಬಿದ್ದರು. ಅಮ್ಮನ ಕೈ ಆ ಕಲ್ಲನ್ನು ಸವರುತ್ತಿತ್ತು. ಗಂಡನ ಹತ್ತಿರ ಇನ್ನಷ್ಟು ಹೊತ್ತು ಕೂರುವಾಸೆ, ಪಾಪ!

"ಅಪ್ಪ ನಿಧಾನಕ್ಕೇ ಉಣ್ಣಲಿ ಬಿಡಮ್ಮ" ಎಂದು ಪಕ್ಕದಲ್ಲಿ ಕೂತುಬಿಟ್ಟ. ಬಸ್ಸು ಹಾಳಾಗಿ ಹೋಗಲಿ.

ಎರಡೂಕಾಲಿಗೆ ಅಮ್ಮ ಮಡಿಲು ಕೊಡವಿ ಎದ್ದರು. "ನಡಿ, ಹೋಗೋಣ."

"ಕಾಸು ಹಾಕಿ ಕೇಳಲ್ವಾ?"

"ಏನು ಕೇಳೋದು? ನಿಮ್ಮಪ್ಪ ಎಂದಾದ್ರೂ ಐದು ನಿಮಿಷಕ್ಕಿಂತ ಹೆಚ್ಚು ಹೊತ್ತು ಉಂಡಿದ್ರಾ? ಅವರನ್ನ ನಾನು ವಾರವಾರ ಬಂದು ನೋಡ್ತೀನಿ."

ಸೆಂಗ್ ಅತ್ತೆಯ ಕಡೆ ತಿರುಗಿದ. ಅತ್ತೆ ಬಣ್ಣದ ಡಬ್ಬಿಯಲ್ಲಿ ಏನೋ ಹುಡುಕುತ್ತಿದ್ದರು.

"ಅವಳನ್ಯಾಕೆ ನೋಡ್ತೀಯ? ನಿನ್ನನ್ನ ಅಷ್ಟು ಸಲ ಗುಡ್ಡ ಇಳಿಸೋಕೆ ನನ್ನೊಬ್ಬಳ ಕೈಲಾಗುತ್ತಾ?" ಅಮ್ಮ ಬುಟ್ಟಿಯನ್ನು ಅವನ ಕೈಗಿತ್ತರು. "ಬಾ, ನಿನ್ನ ಹಾಸಿಗೆ ಬೆಳಿಗ್ಗೇನೇ ಬಿಸಿಲಿಗೆ ಹಾಕಿದ್ದೀನಿ."